ಯಾವ ಖರ್ಚು, ಯಾರ ಖರ್ಚು?

ಉಡುಪಿ ಜಿಲ್ಲೆಯ ಬ್ರಹ್ಮಾವರದ ಸುತ್ತಲಿನ ಸಹಕಾರಿ ಸಂಘಗಳ ಸಭಾಂಗಣಗಳಲ್ಲಿ ಕೃಷಿನೀತಿಯ ಬಗ್ಗೆ ಮಾತನಾಡಲು ಹೋದಾಗ ನನಗೆ ಎದುರಾಗುವ ಮೊದಲ ಪ್ರಶ್ನೆಗೂ ನೀತಿಗೂ ಸಂಬಂಧವೇ ಇರುವುದಿಲ್ಲ: "ನೀವು ಯಾವ ಕಡೆಯವರು ಮಾರಾಯ್ರೇ?" ನಮ್ಮ ಮನೆಯಲ್ಲಿ ಅಡಿಕೆ ತೋಟವಿದೆ. ಆದುದರಿಂದ ಅಡಿಕೆ ಆಮದಿನ ವಿಷಯ ಬರುವ ದಿನ ಅದನ್ನು ಮೊದಲೇ ಹೇಳಿಬಿಡುತ್ತೇನೆ. ಹಿತಾಸಕ್ತಿಯನ್ನು ಮುಚ್ಚಿಟ್ಟು ಮಾತನಾಡುವವನನ್ನು ಬೆಳೆಗಾರರು ಅರ್ಧ ಗಂಟೆಯೊಳಗೆ ಪತ್ತೆ ಮಾಡುತ್ತಾರೆ.

ವಾದಿಸುವ ಎರಡು ಗುಂಪಿಗೂ ಸಮಾನ ಸಮಯ ಕೊಟ್ಟರೆ ನಿಷ್ಪಕ್ಷಪಾತವಾಯಿತೆಂದು, ರೈತರಿಗೆ ಕೃಷಿಯ ತಿಳಿವಳಿಕೆ ತಲುಪಿಸುವ ವಿಸ್ತರಣಾ ಕೆಲಸದ ಆರಂಭದಲ್ಲಿ ನಾನು ನಂಬಿದ್ದೆ. ಹಾಗೆ ನಡೆಸಿದ ಸಭೆಗಳಲ್ಲಿ ದೊಡ್ಡ ಗಂಟಲಿನವರು ಗೆದ್ದರು, ಉಳಿದವರು ಚಹಾ ಕುಡಿದು ಮನೆಗೆ ಹೋದರು. ಈಗ ವಾದಕ್ಕಿಂತ ಮೊದಲು ಲೆಕ್ಕವನ್ನು ಹಲಗೆಯ ಮೇಲೆ ಬರೆಯುತ್ತೇನೆ: ಒಂದು ನೀತಿ ಬಂದರೆ ಹಣ ಯಾರ ಕಿಸೆಯಿಂದ ಯಾರ ಕಿಸೆಗೆ ಹೋಗುತ್ತದೆ, ಬಾರದಿದ್ದರೆ ಆ ನಷ್ಟವನ್ನು ಯಾರು ಹೊರುತ್ತಾರೆ?

ಭತ್ತದ ಕನಿಷ್ಠ ಬೆಂಬಲ ಬೆಲೆಯನ್ನೇ ನೋಡೋಣ. 2024-25ರ ಮುಂಗಾರು ಹಂಗಾಮಿಗೆ ಸಾಮಾನ್ಯ ಭತ್ತಕ್ಕೆ ಕ್ವಿಂಟಾಲಿಗೆ 2,300 ರೂಪಾಯಿ ನಿಗದಿಯಾಯಿತು. ಉತ್ಪಾದನಾ ವೆಚ್ಚದ ಒಂದೂವರೆ ಪಟ್ಟು ಕೊಟ್ಟಿದ್ದೇವೆ ಎಂದು ಸರ್ಕಾರ ಹೇಳಿತು. ಕೊಟ್ಟಿಲ್ಲ ಎಂದು ರೈತ ಸಂಘಟನೆಗಳು ಹೇಳಿದವು. ವಿಚಿತ್ರವೆಂದರೆ ಇಬ್ಬರ ಗುಣಾಕಾರವೂ ಸರಿಯಿತ್ತು. ಬೀಜ, ಗೊಬ್ಬರ, ಕೂಲಿ ಮುಂತಾದ ಕೈಯಿಂದ ಕೊಟ್ಟ ಖರ್ಚಿಗೆ ಮನೆಯವರ ದುಡಿಮೆಯ ಮೌಲ್ಯವನ್ನು ಸೇರಿಸಿದರೆ ವೆಚ್ಚ 1,533 ರೂಪಾಯಿ, ಅದರ ಒಂದೂವರೆ ಪಟ್ಟು ಹೆಚ್ಚು ಕಡಿಮೆ 2,300. ಸ್ವಂತ ಗದ್ದೆಗೆ ಗೇಣಿ ಕೊಟ್ಟಿದ್ದರೆ ಎಷ್ಟಾಗುತ್ತಿತ್ತು, ಹಾಕಿದ ಬಂಡವಾಳಕ್ಕೆ ಬಡ್ಡಿ ಎಷ್ಟು ಎಂಬುದನ್ನೂ ಸೇರಿಸಿದರೆ ವೆಚ್ಚ 2,008, ಅದರ ಒಂದೂವರೆ ಪಟ್ಟು 3,012. ಗದ್ದೆಯ ಗೇಣಿಯನ್ನು ಖರ್ಚೆಂದು ಎಣಿಸಬೇಕೇ ಎಂಬ ಪ್ರಶ್ನೆಗೆ ಗಣಿತದಲ್ಲಿ ಉತ್ತರವಿಲ್ಲ, ಅದು ನ್ಯಾಯದ ಕುರಿತಾದ ತೀರ್ಮಾನ. ನನ್ನ ಕೆಲಸ ಆ ಗೆರೆಯನ್ನು ತೋರಿಸುವವರೆಗೆ ಮಾತ್ರ. ದಾಟುವುದು ಕೇಳುಗರಿಗೆ ಬಿಟ್ಟದ್ದು.

ಇದನ್ನು ವಿವರಿಸಿದ ಮೇಲೆ ನಮ್ಮ ಊರಿನ ಭತ್ತದವರು ಹೆಚ್ಚಾಗಿ ನಗುತ್ತಾರೆ. ಆ ಎರಡೂ ವೆಚ್ಚಗಳು ಇಡೀ ದೇಶದ ಸರಾಸರಿಗಳು. ಕರಾವಳಿಯ ತುಂಡು ಗದ್ದೆಗಳ, ಇಲ್ಲಿನ ಕೂಲಿ ದರದ ಲೆಕ್ಕ ಬೇರೆಯೇ. ಅದರ ಮೇಲೆ, ಏಣೆಲು, ಅಂದರೆ ಮಳೆಗಾಲದ ಭತ್ತದ ಬೆಳೆಯನ್ನು ಯಂತ್ರದಲ್ಲಿ ಕಟಾವು ಮಾಡಿದಾಗ ಬರುವ ಹಸಿ ಭತ್ತವನ್ನು ಒಣಗಿಸಲು ಇಂದು ಎಷ್ಟು ಮನೆಗಳಲ್ಲಿ ಅಂಗಳ ಉಳಿದಿದೆ? ಬೆಂಬಲ ಬೆಲೆಗೆ ಕೊಳ್ಳುವ ಸರ್ಕಾರದ ಖರೀದಿ ಕೇಂದ್ರ ತೆರೆಯುವ ಹೊತ್ತಿಗೆ ಬೈಲಿನ ಕೆಂಪು ಭತ್ತ ಗಿರಣಿ ಸೇರಿರುತ್ತದೆ. ಬೆಲೆ 2,300 ಆಗಬೇಕಿತ್ತೋ 3,012 ಆಗಬೇಕಿತ್ತೋ ಎಂಬ ದೊಡ್ಡ ಜಗಳ ಅಂಥ ಮನೆಯನ್ನು ಮುಟ್ಟುವುದೇ ಇಲ್ಲ. ದೇಶದ ಚರ್ಚೆಯನ್ನು ಹಾಗೆಯೇ ತಂದು ಒಪ್ಪಿಸುವ ಅಧ್ಯಾಪಕ, ತಾನು ಯಾರ ಪಕ್ಷವನ್ನೂ ವಹಿಸದಿದ್ದರೂ, ಈ ರೈತನನ್ನು ಚರ್ಚೆಯಿಂದ ಹೊರಗಿಟ್ಟಂತೆಯೇ.

ಬೆಲೆ ಏರಿದರೆ ಹೊರೆ ಯಾರಿಗೆ ಎಂದು ಕೇಳಿದಾಗ "ಬಡವರಿಗೆ" ಎಂಬ ಉತ್ತರ ಥಟ್ಟನೆ ಬರುತ್ತದೆ. ಆಹಾರ ಭದ್ರತಾ ಕಾಯ್ದೆಯ ಫಲಾನುಭವಿಗಳಿಗೆ 2023ರ ಜನವರಿಯಿಂದ ಪಡಿತರ ಧಾನ್ಯ ಉಚಿತವಾಗಿರುವುದರಿಂದ, ಆ ಪಾಲಿನ ಹೆಚ್ಚುವರಿ ಖರ್ಚು ಸರ್ಕಾರದ ಖಜಾನೆಗೆ ಬೀಳುತ್ತದೆ. ಅಂಗಡಿಯಿಂದ ಅಕ್ಕಿ ತರುವವರ ಲೆಕ್ಕ ಬೇರೆ. ನಮ್ಮಲ್ಲಿ ಅಂಗಡಿಯಿಂದ ಕುಚ್ಚಲಕ್ಕಿ ತರುವವರಲ್ಲಿ ಅಡಿಕೆ ಬೆಳೆಗಾರರೂ ಬಹಳ ಮಂದಿ ಇದ್ದಾರೆ. ಒಮ್ಮೆ ಮಂಗಳೂರಿನ ಸಭೆಯೊಂದರಲ್ಲಿ ಹಿರಿಯರೊಬ್ಬರು ಅಕ್ಕಿಯ ಬೆಲೆಯನ್ನು ಮಾರುಕಟ್ಟೆಯೇ ನಿರ್ಧರಿಸಲಿ ಎಂದು ಬಲವಾಗಿ ವಾದಿಸಿ, ಹತ್ತು ನಿಮಿಷದ ನಂತರ ವಿದೇಶಿ ಅಡಿಕೆಯನ್ನು ಸರ್ಕಾರ ತಡೆಯಬೇಕೆಂದು ಅಷ್ಟೇ ಬಲವಾಗಿ ವಾದಿಸಿದರು. ಪಕ್ಕದವರು ಅದನ್ನು ಎತ್ತಿ ತೋರಿಸಿದಾಗ ಅವರೇ ಮೊದಲು ನಕ್ಕದ್ದು. ಇದನ್ನು ಕಪಟವೆಂದು ನಾನು ಕರೆಯಲಾರೆ. ಒಂದೇ ಮನೆ ಒಂದು ಬೆಳೆಯಲ್ಲಿ ಮಾರುವವರ ಸಾಲಿನಲ್ಲಿಯೂ ಇನ್ನೊಂದರಲ್ಲಿ ಕೊಳ್ಳುವವರ ಸಾಲಿನಲ್ಲಿಯೂ ನಿಂತಿರುತ್ತದೆ.

ಅಡಿಕೆಯ ಕನಿಷ್ಠ ಆಮದು ಬೆಲೆಯನ್ನು 2023ರ ಫೆಬ್ರವರಿಯಲ್ಲಿ ಕಿಲೋಗೆ 251ರಿಂದ 351 ರೂಪಾಯಿಗೆ ಏರಿಸಲಾಯಿತು. ಅದಕ್ಕಿಂತ ಕಡಿಮೆ ಬೆಲೆಯ ಅಡಿಕೆಯನ್ನು ತರುವಂತಿಲ್ಲ ಎಂಬುದಷ್ಟೇ ಇದರ ಅರ್ಥ. ಇಲ್ಲಿನ ಬೆಳೆಗಾರನಿಗೆ ಅಷ್ಟು ಸಿಕ್ಕೇ ಸಿಗುತ್ತದೆ ಎಂಬ ಭರವಸೆ ಅದರಲ್ಲಿಲ್ಲ, ಕಳ್ಳದಾರಿಯಲ್ಲಿ ಬರುವ ಮಾಲಿಗೆ ಅದು ತಾಗುವುದೂ ಇಲ್ಲ. 2022ರಲ್ಲಿ ಭೂತಾನಿನಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಈ ಷರತ್ತಿಲ್ಲದೆ ತರಲು ಅನುಮತಿ ದೊರೆತಾಗ ನಮ್ಮ ಜಿಲ್ಲೆಗಳಲ್ಲಿ ಎದ್ದ ಗದ್ದಲ ಅನೇಕರಿಗೆ ನೆನಪಿರಬಹುದು. ಆ ಅಂಕಿಯನ್ನು ದೇಶದ ಒಟ್ಟು ಉತ್ಪಾದನೆಯ ಪಕ್ಕದಲ್ಲಿಟ್ಟು ನೋಡಿ ಎಂದಾಗ ಕೆಲವರ ಆತಂಕ ಇಳಿಯಿತು, ಇನ್ನು ಕೆಲವರು "ಇದು ಆರಂಭವಷ್ಟೇ" ಎಂದರು. ಅಂಕಿ ಒಂದೇ ಇದ್ದರೂ ಭಯ ಬೇರೆಯಾಗಿರುತ್ತದೆ, ಅದನ್ನು ತಿದ್ದುವ ಅಧಿಕಾರ ನನಗಿಲ್ಲ.

ತೀರಾ ಕಷ್ಟವಾಗುವುದು ಆರೋಗ್ಯದ ಪ್ರಶ್ನೆಯಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರ ವರದಿಯಲ್ಲಿ ಅಡಿಕೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲ ವರ್ಗಕ್ಕೆ ಸೇರಿಸಿತು. ತೋಟವನ್ನೇ ನೆಚ್ಚಿಕೊಂಡ ನೂರು ಮಂದಿಯ ಮುಂದೆ ಇದನ್ನು ಹೇಳುವುದು ಸುಲಭವಲ್ಲ, ಹೇಳದೆ ಇರುವುದು ಪ್ರಾಮಾಣಿಕವಲ್ಲ. ಆ ವರ್ಗೀಕರಣ ಸಾಕ್ಷ್ಯದ ಬಲವನ್ನು ಅಳೆಯುತ್ತದೆ, ಅಪಾಯದ ಪ್ರಮಾಣವನ್ನು ಅಳೆಯುವುದಿಲ್ಲ ಎಂಬುದನ್ನೂ ಜೊತೆಗೇ ಹೇಳುತ್ತೇನೆ. ಇದರ ಆಧಾರದ ಮೇಲೆ ಸರ್ಕಾರ ಏನು ಮಾಡಬೇಕು ಎಂಬುದು ಮಾತ್ರ ನೀತಿಯ ಪ್ರಶ್ನೆ: ಬಳಕೆಯನ್ನು ನಿಯಂತ್ರಿಸಬೇಕೇ, ಪರ್ಯಾಯ ಬೆಳೆಗೆ ಹೋಗುವವರಿಗೆ ಫಸಲು ಬರುವವರೆಗೆ ನೆರವು ಕೊಡಬೇಕೇ, ಸುಮ್ಮನಿರಬೇಕೇ? ಹೀಗೆ ಕೇಳಿದ ಒಂದು ದಿನ ಚರ್ಚೆ ಮುಗಿದಾಗ ಕತ್ತಲಾಗಿತ್ತು. ಮೊದಲ ಸಾಲಿನಲ್ಲಿದ್ದ ಬೆಳೆಗಾರರೊಬ್ಬರು ಹಲಗೆಯ ಮೇಲಿದ್ದ ಮೂರು ದಾರಿಗಳನ್ನೂ ತಮ್ಮ ಪುಸ್ತಕಕ್ಕೆ ಬರೆದುಕೊಂಡು, ನಾಲ್ಕನೆಯದಕ್ಕೆಂದು ಕೆಳಗೆ ಜಾಗ ಬಿಟ್ಟುಕೊಂಡು ಹೋದರು.