ಡಿಎನ್‌ಡಿ ಹಾಕಿಸಿದ ಮೇಲೂ ಬೀಜ ಮಾರುವವರ ಮೆಸೇಜು ಯಾಕೆ ನಿಲ್ಲುವುದಿಲ್ಲ?

ಓದುಗರ ಪ್ರಶ್ನೆ: ತಾರಸಿ ತೋಟಕ್ಕೆಂದು ಆನ್‌ಲೈನ್‌ನಲ್ಲಿ ಒಂದೇ ಒಂದು ಸಲ ತರಕಾರಿ ಬೀಜ ತರಿಸಿದೆ. ಆಮೇಲಿಂದ ಆಫರ್ ಮೆಸೇಜು, ವಾಟ್ಸ್ಯಾಪ್, ಇಮೇಲ್ ಬರುತ್ತಲೇ ಇವೆ. ಡಿಎನ್‌ಡಿ ಮಾಡಿಸಿದ್ದೇನೆ, ಆದರೂ ನಿಂತಿಲ್ಲ. ಏನು ಮಾಡಲಿ?

ಮುಂಗಾರಿಗೆ ಮುಂಚೆ ಜನ ಕುಂಡಕ್ಕೆ ಮಣ್ಣು ತುಂಬುವ ಹೊತ್ತಿಗೆ ಸರಿಯಾಗಿ ಈ ಪ್ರಶ್ನೆ ಬರುತ್ತದೆ, ಹೆಚ್ಚುಕಡಿಮೆ ಇದೇ ಮಾತುಗಳಲ್ಲಿ. ಎರಡು ಸಾಲಿನ ಉತ್ತರ ಕೊಟ್ಟರೆ ‘ಡಿಎನ್‌ಡಿ ಆಗಿದೆಯಲ್ಲ ಸಾರ್’ ಎಂಬ ಮರುಮಾತು ಖಂಡಿತ. ಹೇಳಿ ಹೇಳಿ ಸಾಕಾಗಿದೆ. ಆದ್ದರಿಂದ ಈ ಸಲ ಡಿಎನ್‌ಡಿ, ಅಂದರೆ ಜಾಹೀರಾತಿನ ಕರೆ, ಮೆಸೇಜು ಬೇಡವೆಂದು ನಂಬರ್ ನೋಂದಾಯಿಸುವ ‘ಡು ನಾಟ್ ಡಿಸ್ಟರ್ಬ್’ ವಿಷಯವನ್ನೇ ಮೊದಲು ಪೂರ್ತಿ ಬಿಡಿಸಿಬಿಡೋಣ.

ಡಿಎನ್‌ಡಿ ಹಾಕಿಸಿದರೆ ಜಾಹೀರಾತೆಲ್ಲ ನಿಂತುಹೋಗುತ್ತದೆ ಅನ್ನುವುದು ತಪ್ಪು. ನಿಲ್ಲದಿದ್ದಾಗ ಜನ ಆಡುವ ‘ಡಿಎನ್‌ಡಿ ಅನ್ನೋದೇ ಮೋಸ’ ಎಂಬ ಮಾತೂ ಅಷ್ಟೇ ತಪ್ಪು. ಅದು ತನ್ನ ಕೆಲಸ ಮಾಡುತ್ತದೆ. ಅದರ ಗಡಿ ಎಲ್ಲಿದೆ ಅಂತ ನಾವು ನೋಡುವುದಿಲ್ಲ. ಕಾವೇರಿ ನೀರಿನ ವಾಲ್ವು ತಿರುಗಿಸಿಟ್ಟು, ಬೋರ್‌ವೆಲ್ ನೀರು ಯಾಕೆ ಇನ್ನೂ ಬರುತ್ತಿದೆ ಎಂದು ಕೇಳಿದ ಹಾಗಿದೆ ಇದು.

ಡಿಎನ್‌ಡಿ ಟ್ರಾಯ್‌ನ, ಅಂದರೆ ದೇಶದ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ ವ್ಯವಸ್ಥೆ. ಈಗ ಜಾರಿಯಲ್ಲಿರುವುದು 2018ರ ನಿಯಮಾವಳಿ; ಅದಕ್ಕೆ 2025ರ ಫೆಬ್ರವರಿಯಲ್ಲಿ ದೊಡ್ಡ ತಿದ್ದುಪಡಿ ಆಯಿತು. ಇದರ ವ್ಯಾಪ್ತಿ ಮೊಬೈಲ್ ಕಂಪನಿಯ ಜಾಲದಲ್ಲಿ ಬರುವ ಕರೆ ಮತ್ತು ಎಸ್‌ಎಂಎಸ್, ಅಷ್ಟೇ. ವಾಟ್ಸ್ಯಾಪ್, ಇಮೇಲ್, ಆ್ಯಪ್ ನೋಟಿಫಿಕೇಶನ್ ಇವೆಲ್ಲ ಇಂಟರ್‌ನೆಟ್ ಮೇಲೆ ಬರುವಂಥವು. ಅವುಗಳಿಗೂ ಡಿಎನ್‌ಡಿಗೂ ಸಂಬಂಧವೇ ಇಲ್ಲ. ಬೀಜ ಮಾರುವವರು ಈಗ ಹೆಚ್ಚಾಗಿ ಕಳಿಸುವುದೇ ವಾಟ್ಸ್ಯಾಪ್‌ನಲ್ಲಿ ಅನ್ನುವುದನ್ನು ನೆನಪಿಡಿ.

ಎಸ್‌ಎಂಎಸ್ ಒಳಗೂ ಒಂದು ದೊಡ್ಡ ಬಾಗಿಲು ತೆರೆದಿರುತ್ತದೆ: ನಿಮ್ಮ ಒಪ್ಪಿಗೆ. ಡಿಎನ್‌ಡಿ ಎಂದರೆ ‘ಗೊತ್ತಿಲ್ಲದವರು ಕಳಿಸಬೇಡಿ’. ಯಾವುದಾದರೂ ಒಂದು ಕಂಪನಿಗೆ ‘ಕಳಿಸಿ’ ಎಂದು ನೀವೇ ಒಪ್ಪಿದ್ದರೆ ಆ ಒಪ್ಪಿಗೆ ಡಿಎನ್‌ಡಿಯನ್ನು ಮೀರುತ್ತದೆ. ನಾನು ಯಾವತ್ತು ಒಪ್ಪಿದೆ ಎಂದು ಕೇಳುವವರೇ ಎಲ್ಲರೂ. ಪಾರ್ಸೆಲ್ ಬಿಚ್ಚಿದಾಗ ಬೀಜದ ಪುಟ್ಟ ಜಿಪ್‌ಲಾಕ್ ಕವರುಗಳ ನಡುವೆ ಒಂದು ನುಣುಪು ಕಾರ್ಡು ಇತ್ತಲ್ಲ? ಒಂದು ಬದಿಯಲ್ಲಿ ಟೊಮೆಟೊ ಚಿತ್ರ, ಇನ್ನೊಂದು ಬದಿಯಲ್ಲಿ ಕ್ಯೂಆರ್ ಕೋಡು, ‘ಸ್ಕ್ಯಾನ್ ಮಾಡಿ ಹಾಯ್ ಅಂತ ಕಳಿಸಿ, ಐದು ಬಗೆಯ ಹೂವಿನ ಬೀಜ ಉಚಿತ’ ಎಂಬ ಸಾಲು. ದೊಡ್ಡ ಮಾರಾಟ ತಾಣದಲ್ಲಿ ಕೊಂಡಾಗ ಎಷ್ಟೋ ಸಲ ಮಾರಾಟಗಾರನ ಕೈಗೆ ನಿಮ್ಮ ನಂಬರ್ ನೇರವಾಗಿ ಸಿಗುವುದಿಲ್ಲ. ಅದನ್ನು ಪಡೆಯುವುದಕ್ಕೆಂದೇ ಆ ಕಾರ್ಡು. ನೀವು ಹಾಯ್ ಕಳಿಸಿದ ಕ್ಷಣಕ್ಕೆ ನಂಬರೂ ಹೋಯಿತು, ಮಾತುಕತೆ ಶುರು ಮಾಡಿದವರು ನೀವೇ ಎಂದೂ ಆಯಿತು. ಅವರದೇ ತಾಣದಲ್ಲಿ ಕೊಂಡಿದ್ದರೆ, ಹಣ ಕಟ್ಟುವ ಪುಟದಲ್ಲಿ ‘ತೋಟದ ಟಿಪ್ಸ್ ಮತ್ತು ಆಫರ್ ಕಳಿಸಿ’ ಎಂಬ ಚೌಕದಲ್ಲಿ ಟಿಕ್ ಉಳಿದಿರುತ್ತದೆ.

ಮೂರನೆಯದು, ಪಾರ್ಸೆಲ್ ಹೊರಟಿತು, ಒಟಿಪಿ ಇಷ್ಟು ಎಂಬಂಥ ಮೆಸೇಜುಗಳು. ಇವನ್ನು ಡಿಎನ್‌ಡಿ ತಡೆಯುವುದೇ ಇಲ್ಲ, ತಡೆಯಲೂಬಾರದು. ಗುರುತಿಸುವುದು ಈಗ ಸುಲಭ. 2025ರ ತಿದ್ದುಪಡಿಯ ನಂತರ ಕಳಿಸಿದವರ ಹೆಸರಿನ ಕೊನೆಯಲ್ಲಿ ಒಂದು ಅಕ್ಷರ ಇರುತ್ತದೆ. ಪಿ ಅಂದರೆ ಪ್ರಚಾರ, ಎಸ್ ಅಂದರೆ ಸೇವೆ, ಟಿ ಅಂದರೆ ವ್ಯವಹಾರ, ಜಿ ಅಂದರೆ ಸರ್ಕಾರ. ಫೋನ್ ತೆಗೆದು ಒಮ್ಮೆ ನೋಡಿ. ಎಸ್ ಎಂದಿದ್ದು ಒಳಗೆ ‘ಗೊಬ್ಬರಕ್ಕೆ ಅರ್ಧ ಬೆಲೆ’ ಎಂದಿದ್ದರೆ ಅದು ಸೇವೆಯ ವೇಷದ ಪ್ರಚಾರ, ದೂರು ಕೊಡಬಹುದು.

ಇನ್ನು ನಿಲ್ಲಿಸುವ ಕೆಲಸಕ್ಕೆ ಬರೋಣ. ಒಂದೊಂದು ದಾರಿಯನ್ನೂ ಬೇರೆಬೇರೆಯಾಗಿಯೇ ಮುಚ್ಚಬೇಕು. ಒಂದೇ ಗುಂಡಿ ಇಲ್ಲ.

ಎಸ್‌ಎಂಎಸ್‌ಗೆ: ಡಿಎನ್‌ಡಿ ಇನ್ನೂ ಹಾಕಿಸದವರು 1909ಕ್ಕೆ ಇಂಗ್ಲಿಷ್ ಅಕ್ಷರಗಳಲ್ಲಿ ಸ್ಟಾರ್ಟ್ ಎಂದು ಬರೆದು, ಒಂದು ಜಾಗ ಬಿಟ್ಟು, ಸೊನ್ನೆ ಹಾಕಿ ಕಳಿಸಿ. ಡಿಎನ್‌ಡಿ ಇದ್ದೂ ಪಿ ಗುರುತಿನ ಮೆಸೇಜು ಬಂದರೆ ಅದರಲ್ಲೇ ಕೊಟ್ಟಿರುವ ‘ಬೇಡ’ ಎನ್ನುವ ದಾರಿಯನ್ನು ಮೊದಲು ಬಳಸಿ. ಅಲ್ಲಿ ಒಪ್ಪಿಗೆ ರದ್ದಾಗುತ್ತದೆ, ಮತ್ತೆ 90 ದಿನ ಅವರು ನಿಮ್ಮ ಒಪ್ಪಿಗೆ ಕೇಳುವಂತಿಲ್ಲ. ಆಮೇಲೂ ಬಂದರೆ ದೂರು. ಬಂದ ಮೆಸೇಜಿನ ಸಾಲು, ಅಲ್ಪವಿರಾಮ, ಕಳಿಸಿದವರ ಹೆಸರು ಅಥವಾ ನಂಬರ್, ಅಲ್ಪವಿರಾಮ, ದಿನ/ತಿಂಗಳು/ವರ್ಷ, ಇಷ್ಟನ್ನು 1909ಕ್ಕೆ ಕಳಿಸಬೇಕು. ಟ್ರಾಯ್‌ನ ಡಿಎನ್‌ಡಿ ಆ್ಯಪ್‌ನಲ್ಲಿ ಇನ್ನೂ ಸುಲಭ. ಮೆಸೇಜು ಬಂದ 7 ದಿನದೊಳಗೆ ಕೊಡಬೇಕು. ಈ ಗಡುವು ಮೀರಿದರೆ ದೂರು ಬಿದ್ದುಹೋಗಬಹುದು. ಮಾಮೂಲಿ ಹತ್ತಂಕಿಯ ನಂಬರಿನಿಂದ ಬಂದ ಜಾಹೀರಾತಾದರೆ ನೋಂದಣಿಯೇ ಇಲ್ಲದವರು ಕಳಿಸಿದ್ದು. ಅದರ ಮೇಲೆ ದೂರು ಕೊಡಲು ನಿಮಗೆ ಡಿಎನ್‌ಡಿ ಕೂಡ ಬೇಕಿಲ್ಲ. ಅಂಥ ನಂಬರಿಗೆ ‘ಸ್ಟಾಪ್’ ಎಂದು ಉತ್ತರಿಸಲು ಮಾತ್ರ ಹೋಗಬೇಡಿ. ಈ ನಂಬರ್ ಬಳಕೆಯಲ್ಲಿದೆ ಎಂದು ನೀವೇ ಹೇಳಿಕೊಟ್ಟಂತಾಗುತ್ತದೆ.

ವಾಟ್ಸ್ಯಾಪ್‌ಗೆ: ಚಾಟ್ ಅಳಿಸಿದರೆ ನಿಲ್ಲುವುದಿಲ್ಲ. ಚಾಟ್ ತೆರೆದು ಮೇಲಿನ ಹೆಸರು ಒತ್ತಿ, ಕೆಳಗಿಳಿದು ಬ್ಲಾಕ್ ಮಾಡಿ, ಬೇಡದ ಪ್ರಚಾರವಾದರೆ ರಿಪೋರ್ಟ್ ಕೂಡ ಮಾಡಿ. ಆದರೆ ಆರ್ಡರ್ ವಿವರವೂ ಆಫರೂ ಒಂದೇ ನಂಬರಿನಿಂದ ಬರುವುದುಂಟು. ಪಾರ್ಸೆಲ್ ಕೈಸೇರಿ, ಹಣ ವಾಪಸಿನ ತಕರಾರೇನಾದರೂ ಇದ್ದರೆ ಅದು ಮುಗಿದ ಮೇಲೆ ಬ್ಲಾಕ್ ಮಾಡಿ. ಸಣ್ಣ ಮಾರಾಟಗಾರರು ‘ನಮ್ಮ ನಂಬರ್ ಸೇವ್ ಮಾಡಿಕೊಳ್ಳಿ’ ಎಂದು ಒತ್ತಾಯಿಸುವುದಕ್ಕೂ ಒಂದು ಕಾರಣವಿದೆ. ಒಂದೇ ಸಲಕ್ಕೆ ಹಲವರಿಗೆ ಕಳಿಸುವ ಸಾಮಾನ್ಯ ಬ್ರಾಡ್‌ಕಾಸ್ಟ್ ಪಟ್ಟಿಯ ಮೆಸೇಜು ತಲುಪುವುದು ಅವರ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ. ನಿಮ್ಮ ಫೋನಿನಿಂದ ಆ ಹೆಸರು ತೆಗೆದರೆ ಅಂಥವರ ಮೆಸೇಜು ಅಲ್ಲಿಗೇ ನಿಂತಿತು. ಗ್ರೂಪಿಗೆ ಸೇರಿಸುವ ಕಾಟಕ್ಕೆ ಸೆಟ್ಟಿಂಗ್ಸ್‌ನಲ್ಲಿ ಪ್ರೈವಸಿ, ಅದರಲ್ಲಿ ಗ್ರೂಪ್ಸ್ ತೆರೆದು ‘ನನ್ನ ಕಾಂಟ್ಯಾಕ್ಟ್‌ಗಳು’ ಎಂದು ಮಾಡಿಡಿ.

ಇಮೇಲ್‌ಗೆ: ಜಿಮೇಲ್‌ನಲ್ಲಿ ಕಳಿಸಿದವರ ಹೆಸರಿನ ಪಕ್ಕದಲ್ಲೇ ಅನ್‌ಸಬ್‌ಸ್ಕ್ರೈಬ್ ಇರುತ್ತದೆ, ಅದನ್ನೇ ಒತ್ತಿ. ದಿನಕ್ಕೆ 5000ಕ್ಕಿಂತ ಹೆಚ್ಚು ಮೇಲ್ ಕಳಿಸುವವರು ಒಂದೇ ಒತ್ತಿಗೆ ಬಿಡಿಸಿಕೊಳ್ಳುವ ಸೌಲಭ್ಯ ಕೊಡಬೇಕು, ಎರಡು ದಿನದಲ್ಲಿ ಅದನ್ನು ಜಾರಿ ಮಾಡಬೇಕು ಎಂದು ಗೂಗಲ್ 2024ರಿಂದ ಕಟ್ಟುನಿಟ್ಟು ಮಾಡಿದೆ. ವಾರ ಕಳೆದರೂ ಬಂದರೆ ಸ್ಪ್ಯಾಮ್ ಎಂದು ಗುರುತಿಸಿ. ಮುಂದಿನ ಖರೀದಿಗೆ ನಿಮ್ಮ ಜಿಮೇಲ್ ಹೆಸರಿನ ಕೊನೆಗೆ, ಆ್ಯಟ್ ಚಿಹ್ನೆಗೆ ಮುಂಚೆ, ಒಂದು ಪ್ಲಸ್ ಚಿಹ್ನೆ ಮತ್ತು ಇಂಗ್ಲಿಷಿನಲ್ಲಿ ‘ಬೀಜ’ ಎಂದು ಸೇರಿಸಿ ಕೊಡಿ. ಮೇಲ್ ನಿಮಗೇ ಬರುತ್ತದೆ. ಆ ವಿಳಾಸಕ್ಕೆ ಬೇರೆ ಯಾರಿಂದಲಾದರೂ ಬಂದರೆ ವಿಳಾಸ ಎಲ್ಲಿಂದ ಸೋರಿತೆಂದು ತಿಳಿಯುತ್ತದೆ. ಕೆಲವು ತಾಣಗಳು ಪ್ಲಸ್ ಚಿಹ್ನೆ ಒಪ್ಪುವುದಿಲ್ಲ.

ಇಷ್ಟಕ್ಕೂ ಬಗ್ಗದವರಿಗೆ ಕುಂದುಕೊರತೆ ಅಧಿಕಾರಿ ಇದ್ದಾರೆ. 2020ರ ಇ-ಕಾಮರ್ಸ್ ನಿಯಮದ ಪ್ರಕಾರ ಆ ಅಧಿಕಾರಿಯ ಹೆಸರು, ಸಂಪರ್ಕ ತಾಣದಲ್ಲೇ ಇರಬೇಕು. ದೂರು ಬಂತೆಂದು 48 ಗಂಟೆಯೊಳಗೆ ತಿಳಿಸಿ, ಒಂದು ತಿಂಗಳೊಳಗೆ ಬಗೆಹರಿಸಬೇಕು. ‘ನನ್ನ ಫೋನ್ ನಂಬರ್ ಮತ್ತು ಇಮೇಲನ್ನು ಪ್ರಚಾರದ ಪಟ್ಟಿಯಿಂದ ತೆಗೆಯಿರಿ, ತೆಗೆದದ್ದನ್ನು ಬರಹದಲ್ಲಿ ತಿಳಿಸಿ’ ಎಂಬ ಎರಡು ಸಾಲು, ಜೊತೆಗೆ ಆರ್ಡರ್ ಸಂಖ್ಯೆ ಸಾಕು. ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.

ಆ ಕಾರ್ಡಿನ ಮಾತು ಬಂದಾಗ ಹೇಳಲೇಬೇಕಾದ ಇನ್ನೊಂದಿದೆ. ಕಾರ್ಡು ಹಾಕಲು ಮರೆಯದವರು ಲೇಬಲ್ ಹಾಕಿದ್ದಾರೆಯೇ ನೋಡಿ. ಬೆಳೆ, ತಳಿ, ಲಾಟ್ ಸಂಖ್ಯೆ, ಪರೀಕ್ಷೆಯ ದಿನಾಂಕ, ಎಲ್ಲಿಯವರೆಗೆ ಬಿತ್ತಬಹುದು, ಶೇಕಡಾ ಎಷ್ಟು ಮೊಳಕೆ, ತೂಕ, ಔಷಧ ಲೇಪಿಸಿದ್ದರೆ ಅದರ ಎಚ್ಚರಿಕೆ, ಇಷ್ಟು ಇರುವ ಪ್ಯಾಕೆಟ್ಟನ್ನೇ ಕೊಳ್ಳಿ. ‘ನಲವತ್ತು ಬಗೆಯ ಕಾಂಬೊ’ ಕವರುಗಳಲ್ಲಿ ತರಕಾರಿಯ ಹೆಸರು ಬಿಟ್ಟರೆ ಏನೂ ಇರುವುದಿಲ್ಲ. ಮೊಳಕೆಯ ಕನಿಷ್ಠ ಮಟ್ಟ ಟೊಮೆಟೊಗೆ ಶೇ 70, ಬೆಂಡೆಗೆ ಶೇ 65, ಮೆಣಸಿನಕಾಯಿಗೆ ಶೇ 60. ಅಂದರೆ 20 ಬೆಂಡೆ ಬೀಜದಲ್ಲಿ 13 ಹುಟ್ಟಿದರೆ ಅದು ಕೆಟ್ಟ ಬೀಜವಲ್ಲ, ಜಗಳಕ್ಕೆ ಹೋಗಬೇಡಿ. ಬಿತ್ತುವ ಮೊದಲು ಹತ್ತಿಪ್ಪತ್ತು ಬೀಜವನ್ನು ಒದ್ದೆ ಟಿಶ್ಯೂ ಕಾಗದದಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟು ನೋಡಿ. ಬೆಂಡೆ ನಾಲ್ಕೈದು ದಿನಕ್ಕೆ ಮೊಳೆಯಲು ಶುರುವಾಗುತ್ತದೆ, ಮೆಣಸಿನಕಾಯಿಗೆ ಎರಡು ವಾರ ಕಾಯಬೇಕು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಗೆ ತನ್ನದೇ ಬೀಜ ಪೋರ್ಟಲ್ ಇದೆ. ಅರ್ಕಾ ಅನಾಮಿಕಾ ಬೆಂಡೆ, ಅರ್ಕಾ ರಕ್ಷಕ್ ಟೊಮೆಟೊ ಬೇಕೆನ್ನುವವರು ಮೊದಲು ಅಲ್ಲಿ ಹುಡುಕಿ.

ಕೇಳದೆಯೇ ಬೀಜ ಬಂದರೆ? ಇದನ್ನು ಯಾರೂ ಕೇಳುವುದಿಲ್ಲ, ಬಂದದ್ದನ್ನು ಸುಮ್ಮನೆ ಬಿತ್ತಿಬಿಡುತ್ತಾರೆ. ಅದಕ್ಕೇ ಹೇಳುತ್ತಿದ್ದೇನೆ. 2020ರಲ್ಲಿ ಅಮೆರಿಕ, ಕೆನಡಾ, ಬ್ರಿಟನ್‌ಗಳಲ್ಲಿ ಆರ್ಡರ್ ಮಾಡದವರ ಮನೆಗೆ ಬೀಜದ ಪೊಟ್ಟಣಗಳು ಅಂಚೆಯಲ್ಲಿ ಬಂದವು, ಬಹುಪಾಲು ಮೇಲೆ ಚೀನಾದ ವಿಳಾಸ. ಆ ಆಗಸ್ಟ್‌ನಲ್ಲಿ ನಮ್ಮ ಕೃಷಿ ಸಚಿವಾಲಯವೂ ರಾಜ್ಯಗಳನ್ನು ಎಚ್ಚರಿಸಿತು. ಹುಸಿ ಆರ್ಡರ್ ತೋರಿಸಿ ನಕಲಿ ವಿಮರ್ಶೆ ಬರೆದುಕೊಳ್ಳುವ ತಂತ್ರವಿರಬೇಕು ಎಂದು ಅಮೆರಿಕದ ಕೃಷಿ ಇಲಾಖೆ ಹೇಳಿತು. ಕಳಿಸಿದವರ ಉದ್ದೇಶ ಏನೇ ಇರಲಿ, ಗೊತ್ತಿಲ್ಲದ ಬೀಜದ ಜೊತೆ ಕಳೆ, ನಂಜು, ಶಿಲೀಂಧ್ರ ಬರಬಹುದು. ಅಂಥ ಪೊಟ್ಟಣವನ್ನು ಬಿತ್ತಬೇಡಿ, ಕಾಂಪೋಸ್ಟಿಗೂ ಕಸಕ್ಕೂ ಹಾಕಬೇಡಿ. ಬಂದ ಕವರಿನ ಸಮೇತ ಇನ್ನೊಂದು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ತಾಲ್ಲೂಕಿನ ತೋಟಗಾರಿಕೆ ಇಲಾಖೆಯ ಕಚೇರಿಗೋ ರೈತ ಸಂಪರ್ಕ ಕೇಂದ್ರಕ್ಕೋ ಕೊಡಿ.

ದುಡ್ಡು ಕೊಟ್ಟು ವಿದೇಶದ ಮಾರಾಟಗಾರರಿಂದ ತರಿಸಿದರೂ ನಿಯಮ ಬದಲಾಗುವುದಿಲ್ಲ. 2003ರ ಸಸ್ಯ ಕ್ವಾರಂಟೈನ್ ಆದೇಶದಂತೆ ಬಿತ್ತನೆ ಬೀಜಕ್ಕೆ ಆಮದು ಪರವಾನಗಿ ಮತ್ತು ಆ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಇಲ್ಲಿಂದ ಹೊರಗೆ ಕಳಿಸುವುದೂ ಹೀಗೆಯೇ. ಅಮೆರಿಕದಲ್ಲಿರುವ ಮಗಳಿಗೆ ಬದನೆ, ಬೆಂಡೆ ಬೀಜವನ್ನು ಚಟ್ನಿಪುಡಿ ಡಬ್ಬಿಯ ಪಕ್ಕದಲ್ಲಿಟ್ಟು ಕಳಿಸಿದರೆ ವಿಮಾನ ನಿಲ್ದಾಣದಲ್ಲೇ ಅದು ಕಸಕ್ಕೆ ಹೋಗುತ್ತದೆ. ಅಲ್ಲಿನ ಕೃಷಿ ಇಲಾಖೆಯಲ್ಲಿ ‘ಸಣ್ಣ ಪ್ರಮಾಣದ ಬೀಜ’ಕ್ಕೆಂದೇ ಒಂದು ಪರವಾನಗಿ ಇದೆ, ಅರ್ಜಿ ಹಾಕಬೇಕಾದವರು ಪಡೆಯುವವರು, ಅಂದರೆ ಮಗಳು. ಅದಿದ್ದರೆ ಸಸ್ಯ ಆರೋಗ್ಯ ಪ್ರಮಾಣಪತ್ರ ಇಲ್ಲದೆಯೂ ಅನುಮತಿಯಿರುವ ಬೀಜಗಳನ್ನು ಒಂದು ಪೊಟ್ಟಣಕ್ಕೆ ಹೆಚ್ಚೆಂದರೆ 50 ಬೀಜದಂತೆ 50 ಪೊಟ್ಟಣದವರೆಗೆ ಕಳಿಸಬಹುದು. ಪ್ರತಿ ಪೊಟ್ಟಣದ ಮೇಲೂ ಗಿಡದ ವೈಜ್ಞಾನಿಕ ಹೆಸರು ಬರೆದಿರಬೇಕು, ಔಷಧ ಲೇಪಿಸಿದ ಬೀಜ ಇರಬಾರದು.