ನಾಯಿಗೆ ಕ್ರಿಸ್ಮಸ್ ಉಡುಗೊರೆ: ಮುರಿದ ಮೇಲೆ ಏನಾಗುತ್ತದೆ?

ಡಿಸೆಂಬರ್ ಅರ್ಧ ಕಳೆಯುವಷ್ಟರಲ್ಲಿ ನನ್ನ ಪಶುವೈದ್ಯ ಕ್ಲಿನಿಕ್ಕಿಗೆ ಬರುವ ಫೋನುಗಳ ಧಾಟಿ ಬದಲಾಗುತ್ತದೆ. ಜ್ವರ, ವಾಂತಿ, ಕಜ್ಜಿಗಳ ನಡುವೆ "ಡಾಕ್ಟ್ರೇ, ನಮ್ಮ ರೂಬಿಗೆ ಕ್ರಿಸ್ಮಸ್‌ಗೆ ಏನು ಕೊಡಿಸ್ಬಹುದು?" ಎನ್ನುವ ಪ್ರಶ್ನೆಯೂ ಸೇರಿಕೊಳ್ಳುತ್ತದೆ. ಕ್ರೈಸ್ತರ ಮನೆಗಳಿಂದಷ್ಟೇ ಅಲ್ಲ, ಈಗ ಎಲ್ಲರ ಮನೆಯಿಂದಲೂ ಬರುವ ಪ್ರಶ್ನೆ ಇದು. ಮಕ್ಕಳ ಶಾಲೆಗೆ ಸಾಂತಾ ಬಂದು ಹೋದಮೇಲೆ ಮನೆಯ ನಾಯಿಗೂ ಒಂದು ಪೊಟ್ಟಣ ಬೇಕೇ ಬೇಕು. ಶಿವಮೊಗ್ಗದ ಪೆಟ್ ಶಾಪುಗಳಲ್ಲೂ ಕೆಂಪು ಟೋಪಿ, ಗೆಜ್ಜೆ ಕಟ್ಟಿದ ಬೆಲ್ಟು, ಒತ್ತಿದರೆ ಕೀಂಗುಡುವ ರಬ್ಬರ್ ಬಾತುಕೋಳಿ ಇವೆಲ್ಲ ಸಾಲಾಗಿ ನೇತಾಡುತ್ತವೆ.

ಕೊಡಿಸಿ, ಬೇಡವೆನ್ನುವುದಿಲ್ಲ. ಆದರೆ ಆಟಿಕೆಯನ್ನು ಅಂಗಡಿಯವರು ನೋಡುವ ಬಗೆ ಬೇರೆ, ನಾನು ನೋಡುವ ಬಗೆ ಬೇರೆ. ಇದು ಎಷ್ಟು ದಿನಕ್ಕೆ ಕಿತ್ತುಹೋಗುತ್ತದೆ, ಎಷ್ಟು ಚೂರಾಗುತ್ತದೆ, ಆ ಚೂರು ಗಂಟಲು ದಾಟಿ ಎಲ್ಲಿ ಹೋಗಿ ಕೂರುತ್ತದೆ ಎನ್ನುವುದೇ ನನಗೆ ಮೊದಲು ಹೊಳೆಯುವುದು. ನಾಯಿಗೆ ಆಟವೆಂದರೆ ಬಹುಪಾಲು ಹರಿಯುವುದೇ. ಹಾಗಾಗಿ ಹರಿಯದ ಆಟಿಕೆ ಹುಡುಕುತ್ತ ಹೊರಟರೆ ದುಡ್ಡು ಹೋಗುತ್ತದೆ ಅಷ್ಟೆ. ಹರಿದರೂ ಅಪಾಯವಿಲ್ಲದ್ದನ್ನು ಹುಡುಕಬೇಕು.

ಅಂಗಡಿಯಲ್ಲೇ ಮಾಡಬಹುದಾದ ಪರೀಕ್ಷೆ ಎರಡಿವೆ. ಒಂದು ಅಳತೆಯದು. ಚೆಂಡು ನಾಯಿಯ ದವಡೆ ಹಲ್ಲು ದಾಟಿ ಗಂಟಲಿನ ಕಡೆ ಜಾರುವಷ್ಟು ಚಿಕ್ಕದಿರಬಾರದು. ಪಾಮೇರಿಯನ್‌ಗೆ ತಂದ ಚೆಂಡು ಲ್ಯಾಬ್ರಡಾರ್‌ಗೆ ಮಾತ್ರೆಯಿದ್ದಂತೆ. ಇನ್ನೊಂದು ಗಟ್ಟಿತನದ್ದು. ಅಗಿಯಲು ಕೊಡುವ ಯಾವುದೇ ವಸ್ತುವಿಗೆ ನಿಮ್ಮ ಹೆಬ್ಬೆರಳಿನ ಉಗುರು ಒತ್ತಿ ನೋಡಿ; ಸ್ವಲ್ಪವಾದರೂ ಗುರುತು ಬೀಳಬೇಕು. ಬೀಳಲಿಲ್ಲವೆಂದರೆ ಅದು ಹಲ್ಲು ಮುರಿಯುವಷ್ಟು ಗಟ್ಟಿ. ಮೇಲ್ದವಡೆಯ ದೊಡ್ಡ ಹಲ್ಲು ಒಂದು ಪಕ್ಕಕ್ಕೆ ಚಕ್ಕೆ ಎದ್ದು ಬರುವುದು ಇಂಥ ಮೂಳೆ, ಕೊಂಬು ಕಡಿಯುವ ನಾಯಿಗಳಲ್ಲೇ ಹೆಚ್ಚು. ನಾಯಿ ನೋವನ್ನು ಹೇಳಿಕೊಳ್ಳುವುದಿಲ್ಲ, ಒಂದೇ ಪಕ್ಕದಲ್ಲಿ ತಿನ್ನಲು ಶುರುಮಾಡುತ್ತದೆ. ತಿಂಗಳುಗಳ ಮೇಲೆ ಕಣ್ಣಿನ ಕೆಳಗೆ ಬಾವು ಬಂದಾಗ ಮನೆಯವರಿಗೆ ಗೊತ್ತಾಗುತ್ತದೆ. ಬೇಯಿಸಿದ ಕೋಳಿ ಮೂಳೆ ಸಿಬಿರಾಗಿ ಚುಚ್ಚುತ್ತದೆ ಎನ್ನುವುದು ಎಲ್ಲರಿಗೂ ಗೊತ್ತು, ಆದರೂ ಹಬ್ಬದ ಮರುದಿನ ಎಲ್ಲರೂ ಹಾಕುತ್ತಾರೆ.

ನಾಯಿಯ ಆಟಿಕೆಗಿಂತ ನನಗೆ ಹೆಚ್ಚು ಭಯ ಬೆಕ್ಕಿನದು. ಗರಿ ಕಟ್ಟಿದ ಕೋಲು, ದಾರದ ತುದಿಗೆ ಇಲಿ, ಕ್ರಿಸ್ಮಸ್ ಮರಕ್ಕೆ ಸುತ್ತುವ ಮಿನುಗು ಎಳೆ, ಪೊಟ್ಟಣಕ್ಕೆ ಕಟ್ಟಿದ ರಿಬ್ಬನ್, ಎಲ್ಲವೂ ದಾರದ ಜಾತಿಯವೇ. ಬೆಕ್ಕಿನ ನಾಲಿಗೆಯ ಮೇಲಿನ ಮುಳ್ಳುಗಳು ಗಂಟಲಿನತ್ತ ಬಾಗಿರುತ್ತವೆ. ಬಾಯಿಗೆ ಸಿಕ್ಕ ದಾರವನ್ನು ಹೊರಗೆ ನೂಕುವುದು ಅದಕ್ಕೆ ಕಷ್ಟ, ನುಂಗುತ್ತಲೇ ಹೋಗುತ್ತದೆ. ಒಂದು ತುದಿ ನಾಲಿಗೆಯ ಬುಡಕ್ಕೆ ಸುತ್ತಿಕೊಂಡು ಅಲ್ಲೇ ನಿಲ್ಲುತ್ತದೆ, ಇನ್ನೊಂದು ತುದಿ ಕರುಳಿಗೆ ಇಳಿಯುತ್ತದೆ. ಕರುಳು ಅದನ್ನು ಮುಂದೆ ತಳ್ಳಲು ನೋಡಿದಷ್ಟೂ ತಾನೇ ದಾರದ ಮೇಲೆ ಏರಿ, ಲಾಡಿ ಎಳೆದ ಲಂಗದ ಹಾಗೆ ನೆರಿಗೆಗಟ್ಟುತ್ತದೆ. ಬಿಗಿದ ದಾರ ನೆರಿಗೆಯ ಒಳಮಗ್ಗುಲನ್ನು ಕೊಯ್ಯುತ್ತದೆ. ತೂತು ಬಿದ್ದರೆ ಹೊಟ್ಟೆಯೆಲ್ಲ ಕೀವು. ಎರಡು ದಿನದಿಂದ ವಾಂತಿ, ಊಟ ಮುಟ್ಟುತ್ತಿಲ್ಲ ಎಂದು ಬೆಕ್ಕನ್ನು ತಂದರೆ ನಾನು ಹೊಟ್ಟೆ ಮುಟ್ಟುವ ಮೊದಲು ಬಾಯಿ ತೆರೆದು, ಗಲ್ಲದ ಕೆಳಗಿನಿಂದ ಹೆಬ್ಬೆರಳಲ್ಲಿ ಒತ್ತಿ ನಾಲಿಗೆ ಎತ್ತಿ ನೋಡುತ್ತೇನೆ. ಅಲ್ಲೊಂದು ತೆಳ್ಳನೆಯ ಗೆರೆ ಕಂಡರೆ ಆಪರೇಷನ್ ಕಡೆಗೇ ಮಾತು. ಮನೆಯವರು ಮಾಡಬಾರದ ಕೆಲಸ ಒಂದೇ: ಬಾಯಲ್ಲೋ ಗುದದಲ್ಲೋ ದಾರದ ತುದಿ ಕಂಡಿತೆಂದು ಎಳೆಯಬೇಡಿ. ಇದ್ದಂತೆಯೇ ಕರೆತನ್ನಿ.

ಬೆಕ್ಕಿಗೆ ದುಡ್ಡು ಖರ್ಚು ಮಾಡುವುದೇ ವ್ಯರ್ಥ, ಅದಕ್ಕೆ ಉಡುಗೊರೆ ಬಂದ ಪೆಟ್ಟಿಗೆಯೇ ಸಾಕು. ಮಲೆನಾಡಿನವರಿಗೆ ಇನ್ನೂ ಒಳ್ಳೆಯದು ಕೈಯಳತೆಯಲ್ಲೇ ಇದೆ: ಬೆಕ್ಕು ಮೈ ಚಾಚಿ ನಿಲ್ಲುವಷ್ಟು ಎತ್ತರದ ಅಡಿಕೆ ಮರದ ತುಂಡಿಗೆ ತೆಂಗಿನ ನಾರಿನ ಹಗ್ಗ ಒತ್ತೊತ್ತಾಗಿ ಬಿಗಿದು ಸುತ್ತಿ, ಅಲುಗದಂತೆ ನಿಲ್ಲಿಸಿಕೊಡಿ. ಉಗುರು ಮಸೆಯಲು ಸೋಫಾ ಬಿಟ್ಟು ಅಲ್ಲಿಗೆ ಬರುತ್ತದೆ. ಹಗ್ಗ ಎಳೆ ಬಿಟ್ಟ ದಿನ ಬದಲಿಸಬೇಕು, ಅದೂ ದಾರವೇ. ಬಾಲಯೇಸುವಿನ ಗೊಂಬೆ ಇಡುವ ಗೋದಲಿಯ ಸುತ್ತ ಹಸಿರು ಕಾಣಲೆಂದು ಭತ್ತ, ರಾಗಿ ಮೊಳಕೆ ಬರಿಸುವ ಮನೆಗಳಲ್ಲಿ ಬೆಕ್ಕು ಹೋಗಿ ಆ ಪೈರನ್ನು ಮೇಯುವುದುಂಟು. ಬೈಯಬೇಡಿ, ಅದಕ್ಕೆಂದೇ ಒಂದು ಕುಂಡದಲ್ಲಿ ಗೋಧಿ ಬಿತ್ತಿ ಕೊಡಿ. ಅಂದಹಾಗೆ, ಈ ಕಾಲಕ್ಕೆ ಅಂಗಳದಲ್ಲಿ ಕೆಂಪಾಗುವ ಪಾಯಿನ್ಸೆಟ್ಟಿಯಾ ಗಿಡದ ಬಗ್ಗೆ ಇಲ್ಲದ ಹೆದರಿಕೆ ಹಬ್ಬಿದೆ. ಅದನ್ನು ತಿಂದರೆ ಜೊಲ್ಲು, ಒಂದೆರಡು ವಾಂತಿ, ಅಷ್ಟೆ. ಬೆಕ್ಕಿನ ಕಿಡ್ನಿ ಕೊಲ್ಲುವುದು ಹೂಗುಚ್ಛದಲ್ಲಿ ಬರುವ ಲಿಲ್ಲಿ. ಅದರ ಪರಾಗ ಮೈಗೆ ಅಂಟಿ, ನೆಕ್ಕಿಕೊಂಡರೂ ಸಾಕು.

ತಿನ್ನುವ ಉಡುಗೊರೆಗೆ ಬರೋಣ. "ಒಂದೇ ಒಂದು ಪೀಸ್ ಕೇಕ್ ಕೊಟ್ಟಿದ್ದು ಮಾರಾಯ್ರೆ" ಎನ್ನುವುದು ನಾನು ಪ್ರತಿ ವರ್ಷ ಕೇಳುವ ಮಾತು. ಆ ಪೀಸಿನಲ್ಲಿರುವ ಒಣದ್ರಾಕ್ಷಿಯೇ ತೊಂದರೆ. ದ್ರಾಕ್ಷಿ, ಒಣದ್ರಾಕ್ಷಿ ಕೆಲವು ನಾಯಿಗಳ ಕಿಡ್ನಿಯನ್ನು ಒಂದರಿಂದ ಮೂರು ದಿನದೊಳಗೆ ನಿಲ್ಲಿಸಿಬಿಡುತ್ತವೆ. ಇಷ್ಟು ತಿಂದರೆ ತೊಂದರೆಯಿಲ್ಲ ಎನ್ನುವ ಅಳತೆ ಇದಕ್ಕಿಲ್ಲ, ಒಂದು ನಾಯಿ ಹಿಡಿ ತಿಂದು ಓಡಾಡಿಕೊಂಡಿದ್ದರೆ ಇನ್ನೊಂದು ನಾಲ್ಕು ಕಾಳಿಗೆ ಮಲಗುತ್ತದೆ. ಚಾಕೊಲೇಟ್ ಮಾತ್ರ ಲೆಕ್ಕಕ್ಕೆ ಸಿಗುತ್ತದೆ. ಅದರಲ್ಲಿರುವ ಥಿಯೋಬ್ರೊಮಿನ್ ನಾಯಿಯ ಪ್ರತಿ ಕೆ.ಜಿ. ತೂಕಕ್ಕೆ 20 ಮಿ.ಗ್ರಾಂ ದಾಟಿದರೆ ವಾಂತಿ, ಚಡಪಡಿಕೆ; 40ರ ಮೇಲೆ ಎದೆಬಡಿತ ಏರುಪೇರು; 60ರ ಹೊತ್ತಿಗೆ ಫಿಟ್ಸ್. ಹಾಲಿನ ಚಾಕೊಲೇಟ್‌ನಲ್ಲಿ ಗ್ರಾಂಗೆ ಸುಮಾರು 2 ಮಿ.ಗ್ರಾಂ, ಡಾರ್ಕ್‌ನಲ್ಲಿ 5ಕ್ಕೂ ಹೆಚ್ಚು. ಐದು ಕೆ.ಜಿ.ಯ ಪಾಮೇರಿಯನ್‌ಗೆ ವಾಂತಿ ಶುರುವಾಗಲು 20 ಗ್ರಾಂ ಡಾರ್ಕ್ ಚಾಕೊಲೇಟ್ ಸಾಕಾಯಿತು. ಸಕ್ಕರೆರಹಿತ ಚೂಯಿಂಗ್ ಗಮ್ಮಿನಲ್ಲಿ ಸಿಹಿಗೆಂದು ಹಾಕುವ ಕ್ಸೈಲಿಟಾಲ್ ಇದ್ದರೆ ಅರ್ಧ ಗಂಟೆಯಲ್ಲೇ ರಕ್ತದ ಸಕ್ಕರೆ ಕುಸಿಯಬಹುದು. ಕ್ರಿಸ್ಮಸ್ ತಿಂಡಿಗಳ ಕುಸ್ವಾರ್ ತಟ್ಟೆಯಿಂದ ಕಿಡಿಯೋ ಎನ್ನುವ ಕರಿದ ಸಿಹಿ ತಿಂಡಿ ಒಂದೆರಡು ಬಿದ್ದು ನಾಯಿ ತಿಂದರೆ ಭಯವಿಲ್ಲ. ಹಂದಿಮಾಂಸದ ಸಾರಿನ ಕೊಬ್ಬು, ಈರುಳ್ಳಿ, ಬೆಳ್ಳುಳ್ಳಿ ಬೇಡವೇ ಬೇಡ. ನಮ್ಮಲ್ಲಿ ಅಡಿಕೆ ಸುಲಿಯುವ ಕಾಲವೂ ಇದೇ ಆಗಿರುವುದರಿಂದ ಇನ್ನೊಂದು ಮಾತು. ಅಡಿಕೆಯಲ್ಲಿರುವ ಅರೆಕೊಲಿನ್ ಹಿಂದೆ ನಾಯಿಗಳ ಲಾಡಿಹುಳಕ್ಕೆ ಕೊಡುತ್ತಿದ್ದ ಔಷಧ. ಮರಿ ಚಪ್ಪರದ ಕೆಳಗೆ ಕೂತು ಹಸಿ ಅಡಿಕೆ ಅಗಿದರೆ ಜೊಲ್ಲು ಸುರಿದು, ವಾಂತಿ ಭೇದಿ ಹತ್ತಿ ಸುಸ್ತಾಗಿ ಬೀಳುತ್ತದೆ.

ಹಾಗಾದರೆ ಏನು ಕೊಡುವುದು? ಹಳೆಯ ಟವೆಲ್ಲಿನೊಳಗೆ ಒಗ್ಗರಣೆ ಹಾಕದ ಬರೀ ಮಂಡಕ್ಕಿ, ಬೇಯಿಸಿ ಮೂಳೆ ತೆಗೆದ ಕೋಳಿಯ ನಾಲ್ಕು ಚೂರು ಹಾಕಿ ಸುರುಳಿ ಸುತ್ತಿ ಮುಂದಿಡಿ. ಮೂಗಿನಿಂದ ಹುಡುಕಿ, ಬಿಚ್ಚಿ, ಹೆಕ್ಕಿ ತಿನ್ನುವಷ್ಟರಲ್ಲಿ ನಾಯಿ ದಣಿದು ಮಲಗುತ್ತದೆ. ಬಟ್ಟೆ ತಿನ್ನುವ ಚಾಳಿಯ ನಾಯಿಯಾದರೆ ಟವೆಲ್ ಬೇಡ, ಅದೇ ಮಂಡಕ್ಕಿಯನ್ನು ಅಂಗಳದ ಹುಲ್ಲಿಗೆ ಎರಚಿ.

ಸ್ವೆಟರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮುದಿ ನಾಯಿಗೆ, ಪುಟ್ಟ ಮರಿಗೆ, ಕೂದಲಿಲ್ಲದ ತೆಳು ಮೈಯದಕ್ಕೆ ಮಲೆನಾಡಿನ ಚಳಿಯಲ್ಲಿ ಒಂದು ಇರಲಿ. ಜರ್ಮನ್ ಶೆಫರ್ಡ್‌ಗೆ ಹಾಕುವುದು ನಮ್ಮ ಚಂದಕ್ಕೆ. ಸಾಂತಾ ಟೋಪಿಯ ಎಲಾಸ್ಟಿಕ್ ಮಾತ್ರ ಫೋಟೋ ಆದ ಕೂಡಲೇ ತೆಗೆಯಿರಿ. ಕೂದಲೊಳಗೆ ಮರೆಯಾಗಿ ಕುತ್ತಿಗೆಗೆ ಕೊರೆದು, ವಾಸನೆ ಬಂದಮೇಲೆ ಗೊತ್ತಾದ ಪ್ರಕರಣಗಳನ್ನು ಕಂಡಿದ್ದೇನೆ.

ನನ್ನನ್ನು ಕೇಳಿದರೆ ಈ ಜಿಲ್ಲೆಯ ನಾಯಿಗೆ ಡಿಸೆಂಬರಿನಲ್ಲಿ ಕೊಡಬಹುದಾದ ಮೊದಲ ಉಡುಗೊರೆ ಉಣುಗಿನ ಔಷಧ. ಮಳೆಗಾಲದ ಇಂಬಳ (ಜಿಗಣೆ) ಹೋಗಿ ಉಣುಗಿನ ಸರದಿ ಶುರುವಾಗುವುದು ಈಗಲೇ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ, ಉಣುಗು ಕಚ್ಚಿ ಮನುಷ್ಯರಿಗೆ ಬರುವ ಮಂಗನ ಕಾಯಿಲೆಯ ಹಂಗಾಮೂ ಇದೇ, ಡಿಸೆಂಬರಿನಿಂದ ಮೇವರೆಗೆ. ಕಾಡಂಚಿಗೆ ಹೋಗಿಬಂದ ನಾಯಿ ಎಳ್ಳುಕಾಳಿಗಿಂತ ಸಣ್ಣ ಉಣುಗಿನ ಮರಿಗಳನ್ನು ಮೈಮೇಲೆ ಹೊತ್ತು ಜಗುಲಿಗೆ ತರಬಹುದು. ಇನ್ನು ಮನೆಯ ಗೋಡೆ ಸಂದಿಯಲ್ಲೇ ಸಂಸಾರ ಮಾಡುವ ಕಂದು ಉಣುಗು ನಾಯಿಗೇ ಟಿಕ್ ಫೀವರ್ ಹಚ್ಚುತ್ತದೆ: ಜ್ವರ, ಊಟ ಬಿಡುವುದು, ಪ್ಲೇಟ್‌ಲೆಟ್ ಇಳಿದು ಮೂಗಿನಲ್ಲಿ ರಕ್ತ. ಈಗ ತಿಂಗಳಿಗೊಮ್ಮೆಯೋ ಮೂರು ತಿಂಗಳಿಗೊಮ್ಮೆಯೋ ತಿನ್ನಿಸುವ ಮಾತ್ರೆಗಳಿವೆ, ಕುತ್ತಿಗೆಗೆ ಬಿಡುವ ಹನಿಗಳಿವೆ. ಫಿಟ್ಸ್ ಬರುವ ನಾಯಿಯಾದರೆ ಮಾತ್ರೆ ಕೊಡುವ ಮೊದಲು ವೈದ್ಯರಿಗೆ ಹೇಳಿ. ಪರ್ಮೆಥ್ರಿನ್ ಇರುವ ನಾಯಿಯ ಹನಿಯನ್ನು ಬೆಕ್ಕಿಗೆ ಬಿಟ್ಟರೆ ನಡುಕ, ಫಿಟ್ಸ್, ಸಾವು. ಮೈಮೇಲೆ ಕಂಡ ಉಣುಗನ್ನು ಚಿಮಟದಲ್ಲಿ ಚರ್ಮಕ್ಕೆ ತಾಗಿದಂತೆ ಹಿಡಿದು ನೇರ ಎಳೆಯಿರಿ. ಉಗುರಲ್ಲಿ ಕುಟ್ಟುವುದು, ಸೀಮೆಎಣ್ಣೆ ಹಚ್ಚುವುದು ನಿಲ್ಲಲಿ. ಚಿರತೆ ಓಡಾಡುವ ಕಡೆಯವರಾದರೆ ಉಳಿದ ದುಡ್ಡಿನಲ್ಲಿ ಗೂಡಿಗೊಂದು ಭದ್ರವಾದ ಬಾಗಿಲು.

ನಾಯಿಮರಿಯನ್ನೇ ಉಡುಗೊರೆ ಕೊಡುವವರಿಗೆ ಹೇಳುವುದಿದೆ. ಹಬ್ಬಕ್ಕೆ ಸರಿಯಾಗಿ ಕೈಸೇರಲೆಂದು ಎಂಟು ವಾರ ತುಂಬದ ಮರಿಯನ್ನು ತಾಯಿಯಿಂದ ಬಿಡಿಸಿ ಬಸ್ಸಿನಲ್ಲಿ ತರುತ್ತಾರೆ. ಹಬ್ಬದ ಮನೆ, ಗದ್ದಲ, ಹತ್ತು ಕೈ ಬದಲಾವಣೆ. ಮೂರನೇ ದಿನಕ್ಕೆ ವಾಂತಿ, ರಕ್ತಭೇದಿ: ಪಾರ್ವೊ ಎನ್ನುವ ವೈರಸ್ ಕಾಯಿಲೆ. ಲಸಿಕೆ ಆರರಿಂದ ಎಂಟು ವಾರಕ್ಕೆ ಶುರುವಾಗಿ, ಮೂರು ನಾಲ್ಕು ವಾರಕ್ಕೊಮ್ಮೆ ಹದಿನಾರನೇ ವಾರದವರೆಗೆ ನಡೆಯಬೇಕು. ಒಂದು ಸೂಜಿ ಬಿದ್ದ ಮಾತ್ರಕ್ಕೆ ರಕ್ಷಣೆ ಬರುವುದಿಲ್ಲ. ಮೊದಲಿದ್ದ ಮರಿ ಪಾರ್ವೊದಿಂದ ಸತ್ತಿದ್ದರೆ ಆ ಅಂಗಳದಲ್ಲಿ ವೈರಸ್ ತಿಂಗಳುಗಟ್ಟಲೆ ಬದುಕಿರುತ್ತದೆ. ಹಬ್ಬದ ದಿನ ಮಕ್ಕಳ ಕೈಗೆ ಬೆಲ್ಟನ್ನೂ ತಟ್ಟೆಯನ್ನೂ ಕೊಡಿ, ಮರಿ ಜನವರಿಯಲ್ಲಿ ಬರಲಿ. ಲಸಿಕೆಯ ಖರ್ಚನ್ನು ಮರಿ ಕೊಟ್ಟವರೇ ಹೊತ್ತರೆ ಅದೂ ಉಡುಗೊರೆಯೇ. ಗಿಳಿಯನ್ನು ಮಾತ್ರ ಯಾರಿಗೂ ಕೊಡಬೇಡಿ, ನಮ್ಮ ಕಾಡಿನ ಗಿಳಿ ಸಾಕುವುದು 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ. ಕೊಟ್ಟಿಗೆಯ ದನಕ್ಕೆ ಹಬ್ಬದೂಟದ ಉಳಿದ ಅನ್ನವನ್ನು ಬಕೆಟ್ಟುಗಟ್ಟಲೆ ಸುರಿಯುವುದೂ ಬೇಡ, ಹೊಟ್ಟೆ ಹುಳಿಯಾಗಿ ಮಲೆನಾಡು ಗಿಡ್ಡದಂಥ ಗಟ್ಟಿ ತಳಿಯೂ ಮಲಗುತ್ತದೆ.

ಇಷ್ಟಾಗಿಯೂ ನಾಯಿ ತಿನ್ನಬಾರದ್ದನ್ನು ತಿಂದರೆ ಗಡಿಯಾರ ನೋಡಿ. ವಾಂತಿ ಮಾಡಿಸಿ ಪ್ರಯೋಜನವಿರುವುದು ಹೆಚ್ಚಾಗಿ ಮೊದಲ ಎರಡು ಗಂಟೆ. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೇ ಸುಮಾರು 60 ಕಿ.ಮೀ., ಆಗುಂಬೆಯವರಿಗೆ ಇನ್ನೊಂದು 30. ಹಾಗಾಗಿ "ಬೆಳಗ್ಗೆ ನೋಡೋಣ" ಎನ್ನದೆ ಹತ್ತಿರದ ಪಶುವೈದ್ಯರಿಗೆ ಆಗಲೇ ಫೋನು ಮಾಡಿ. ಉಪ್ಪುನೀರು ಕುಡಿಸಬೇಡಿ, ರಕ್ತದಲ್ಲಿ ಉಪ್ಪೇರಿ ಅದೇ ಕೊಲ್ಲಬಹುದು. ನಾಯಿಯ ತೂಕ, ತಿಂದ ಹೊತ್ತು, ಎಷ್ಟು ತಿಂದಿತು ಹೇಳಿ, ಹರಿದ ಪೊಟ್ಟಣವನ್ನು ಜೊತೆಗೇ ತನ್ನಿ. ಕೇಕಿನ ಹಣ್ಣುಗಳನ್ನು ರಮ್ಮಿನಲ್ಲಿ ನೆನೆಸಿದ್ದಿರಾ ಎಂದು ಕೇಳುತ್ತೇನೆ, ಆಗ ಅಜ್ಜಿಯ ಮುಖ ನೋಡಿಕೊಂಡು ಇಲ್ಲ ಎನ್ನಬೇಡಿ. ನನಗೆ ಬೇಕಿರುವುದು ಡ್ರಿಪ್ ಲೆಕ್ಕಕ್ಕೆ, ಚರ್ಚಿನ ಫಾದರ್‌ಗೆ ಹೇಳುವುದಕ್ಕಲ್ಲ.