ಬಾವಲಿಗೆ ಕಣ್ಣು ಕಾಣುವುದಿಲ್ಲವಾ?

ಪ್ರಶ್ನೆ: ಬಾವಲಿಗೆ ಕಣ್ಣು ಕಾಣುವುದಿಲ್ಲ, ಅದಕ್ಕೇ ಸದ್ದು ಮಾಡಿ, ತಿರುಗಿ ಬಂದದ್ದನ್ನು ಕೇಳಿಸಿಕೊಂಡು ಹಾರುತ್ತದೆ ಅಂತಾರೆ. ಇದು ನಿಜವಾ? ಮನುಷ್ಯರಿಗೂ ಹಾಗೆ ಮಾಡಲು ಆಗುತ್ತದಾ?

ಉತ್ತರ: ಮೊದಲ ಮಾತು ನಿಜವಲ್ಲ. ಬಾವಲಿಗಳಿಗೆ ಕಣ್ಣು ಕಾಣುತ್ತದೆ. ಊರಿನ ಆಲದ ಮರದಲ್ಲೋ ಹುಣಸೆ ಮರದಲ್ಲೋ ಹಗಲಿಡೀ ತಲೆಕೆಳಗಾಗಿ ನೇತಾಡುವ ದೊಡ್ಡ ಬಾವಲಿ ನೋಡಿರುತ್ತೀರಲ್ಲ, ಅದು ಪ್ರತಿಧ್ವನಿಯನ್ನು ನೆಚ್ಚಿಕೊಂಡು ಹಾರುವುದೇ ಇಲ್ಲ. ಅದರ ಊಟ ಹಣ್ಣು ಮತ್ತು ಹೂವಿನ ರಸ. ದೊಡ್ಡ ಕಣ್ಣು, ಚುರುಕು ಮೂಗು ಇದ್ದರೆ ಅದಕ್ಕೆ ಸಾಕು. ಹಣ್ಣು ತಿನ್ನುವವುಗಳಲ್ಲಿ ಗುಹೆಯೊಳಗೆ ಇರುವ ರೌಸೆಟಸ್ ಜಾತಿಯವು ಮಾತ್ರ ನಾಲಿಗೆಯಿಂದ ಟಕ್ ಟಕ್ ಮಾಡಿ ದಾರಿ ಹುಡುಕುತ್ತವೆ.

ಪ್ರತಿಧ್ವನಿಯ ನಿಜವಾದ ನಿಪುಣರು ಹುಳ ಹಿಡಿಯುವ ಸಣ್ಣ ಬಾವಲಿಗಳು. ಇವುಗಳ ಗುಟ್ಟು ತಿಳಿಯಲು ಬಹಳ ಕಾಲ ಹಿಡಿಯಿತು. 1790ರ ದಶಕದಲ್ಲಿ ಇಟಲಿಯ ವಿಜ್ಞಾನಿ ಸ್ಪಲಾಂಜಾನಿ ಕಣ್ಣು ಕಳೆದುಕೊಂಡ ಬಾವಲಿಗಳೂ ಸರಾಗವಾಗಿ ಹಾರುವುದನ್ನು ಕಂಡರು. ಜಿನೀವಾದ ಲೂಯಿ ಜುರೀನ್ ಕಿವಿ ಮುಚ್ಚಿ ನೋಡಿದರು. ಆಗ ಬಾವಲಿಗಳು ಎದುರಿಗೆ ಸಿಕ್ಕಿದ್ದಕ್ಕೆಲ್ಲ ಡಿಕ್ಕಿ ಹೊಡೆದವು. ಆದರೆ ಬಾವಲಿ ಸದ್ದೇ ಮಾಡುವುದಿಲ್ಲವಲ್ಲ, ಕೇಳುವುದಾದರೂ ಏನನ್ನು? ಯಾರಿಗೂ ಇದು ಬಗೆಹರಿಯಲಿಲ್ಲ. 1938ರಲ್ಲಿ ಹಾರ್ವರ್ಡ್‌ನ ಡೊನಾಲ್ಡ್ ಗ್ರಿಫಿನ್ ಬಾವಲಿಗಳನ್ನು ಒಂದು ಹೊಸ ಯಂತ್ರದ ಮುಂದೆ ಹಿಡಿದರು. ನಮ್ಮ ಕಿವಿಗೆ ಕೇಳದಷ್ಟು ಕೀರಲು ಸದ್ದನ್ನೂ ಆ ಯಂತ್ರ ಪತ್ತೆ ಮಾಡುತ್ತಿತ್ತು. ಬಾವಲಿ ಒಂದೇ ಸಮನೆ ಕೂಗುತ್ತಿರುವುದು ಗೊತ್ತಾಗಿದ್ದೇ ಆಗ.

ಅಷ್ಟು ಕೀರಲು ಯಾಕೆ ಬೇಕು? ಇಡೀ ವಿಷಯದಲ್ಲಿ ನನಗೆ ತುಂಬಾ ಇಷ್ಟವಾಗುವ ಭಾಗ ಇದು. ಸೆಕೆಂಡಿಗೆ 1,000 ಸಲ ಕಂಪಿಸುವ ಸದ್ದಿನ ಒಂದು ಅಲೆ ಗಾಳಿಯಲ್ಲಿ ಸುಮಾರು 34 ಸೆಂಟಿಮೀಟರ್ ಉದ್ದ. ಒಂದು ಪತಂಗದ ಹತ್ತಿರ ಬಂದರೆ ಅದು ಬಳಸಿಕೊಂಡು ಮುಂದೆ ಹೋಗಿಬಿಡುತ್ತದೆ, ತಿರುಗಿ ಬರುವುದು ತೀರಾ ಕಡಿಮೆ. 50,000 ಸಲ ಕಂಪಿಸಿದರೆ ಅಲೆ 7 ಮಿಲಿಮೀಟರ್‌ಗೆ ಇಳಿಯುತ್ತದೆ. ಆಗ ಸಣ್ಣ ಹುಳದಿಂದಲೂ ಸದ್ದು ಪುಟಿದು ಬರುತ್ತದೆ. ಆದರೆ ಇದಕ್ಕೊಂದು ಬೆಲೆ ಇದೆ. ಇಂಥ ಸದ್ದನ್ನು ಗಾಳಿ ಬೇಗ ನುಂಗಿಬಿಡುತ್ತದೆ. ಹಾಗಾಗಿ ಸಣ್ಣ ಹುಳ ಬಾವಲಿಗೆ ಗೊತ್ತಾಗುವುದು ಕೆಲವೇ ಮೀಟರ್ ದೂರದಿಂದ. ಒಂದು ಮೀಟರ್ ಆಚೆಯ ಹುಳಕ್ಕೆ ತಗುಲಿ ಸದ್ದು ವಾಪಸ್ ಬರಲು ಸೆಕೆಂಡಿನ ಸಾವಿರ ಭಾಗಗಳಲ್ಲಿ 6 ಭಾಗ ಸಾಕು. ಬೇಟೆ ಹತ್ತಿರವಾದಂತೆ ಕೂಗುಗಳು ಒತ್ತೊತ್ತಾಗಿ, ಕೊನೆಗೆ ಸೆಕೆಂಡಿಗೆ 200ರ ಹತ್ತಿರ ಹೋಗುತ್ತವೆ. ತನ್ನ ಕೂಗಿಗೆ ತನ್ನ ಕಿವಿಯೇ ಕಿವುಡಾಗದಿರಲಿ ಅಂತ, ಕೂಗುವ ಗಳಿಗೆಯಲ್ಲಿ ಕಿವಿಯೊಳಗಿನ ಸಣ್ಣ ಸ್ನಾಯು ಬಿಗಿಯುತ್ತದೆ.

ಕೋಲಾರ ಜಿಲ್ಲೆಯ ಹನುಮನಹಳ್ಳಿಯ ಗುಹೆಯಲ್ಲಿ ಇಂಥದ್ದೇ ಒಂದು ಬಾವಲಿ ಇದೆ. ಹೆಸರು ಕೋಲಾರದ ಎಲೆಮೂಗಿನ ಬಾವಲಿ (Kolar leaf-nosed bat). ಮೂಗಿನ ಮೇಲೆ ಎಲೆಯಂಥ ಚರ್ಮ ಇರುವ ಈ ಜಾತಿ ಪ್ರಪಂಚದ ಬೇರೆಲ್ಲೂ ಉಳಿದಿರುವುದು ಕಂಡುಬಂದಿಲ್ಲ. ಇದರ ಬಳಗದವು ಕೂಗುವುದು ಮೂಗಿನಿಂದ. ಸುತ್ತಲಿನ ಕಲ್ಲು ಗಣಿಗಾರಿಕೆಯಿಂದ ಇದರ ಉಳಿವಿಗೇ ಸಂಚಕಾರ ಬಂದಿತ್ತು. ನಮ್ಮ ರಾಜ್ಯದಲ್ಲಿ ಎಷ್ಟು ಜನಕ್ಕೆ ಇದರ ಹೆಸರಾದರೂ ಗೊತ್ತು? ಗೊತ್ತಿರಬೇಕಾದದ್ದು.

ನೀರಿನಲ್ಲಿ ಸದ್ದು ಗಾಳಿಗಿಂತ ನಾಲ್ಕು ಪಟ್ಟಿಗೂ ಜಾಸ್ತಿ ವೇಗದಲ್ಲಿ ಓಡುತ್ತದೆ, ಸೆಕೆಂಡಿಗೆ ಸುಮಾರು 1,500 ಮೀಟರ್. ಗಂಗಾ ಡಾಲ್ಫಿನ್‌ನ ಕಣ್ಣಿನಲ್ಲಿ ಮಸೂರವೇ ಇಲ್ಲ. ಬೆಳಕು, ಕತ್ತಲೆ ಬಿಟ್ಟರೆ ಅದಕ್ಕೆ ಹೆಚ್ಚೇನೂ ಕಾಣದು. ಕೆಸರು ನೀರಿನಲ್ಲಿ ಮೀನು ಹಿಡಿಯುವುದು ಬಹುಮಟ್ಟಿಗೆ ಸದ್ದಿನಿಂದಲೇ. ನೀವು ಕೇಳಿದ ಮಾತು ಬಾವಲಿಗಿಂತ ಇದಕ್ಕೇ ಚೆನ್ನಾಗಿ ಹೊಂದುತ್ತದೆ.

ಸದ್ದು ಪುಟಿಯುವುದು ಒಂದು ವಸ್ತು ಮುಗಿದು ಬೇರೆ ಗುಣದ ವಸ್ತು ಶುರುವಾಗುವ ಕಡೆ. ಮೀನುಗಾರಿಕೆ ಬೋಟಿನಲ್ಲಿ ಸದ್ದು ಕಳಿಸಿ ಮೀನು ಹುಡುಕುವ ಯಂತ್ರಕ್ಕೆ (ಫಿಶ್ ಫೈಂಡರ್) ಜೋರಾಗಿ ಕೇಳುವುದು ಮೀನಿನ ಮಾಂಸವಲ್ಲ, ಅದರ ಹೊಟ್ಟೆಯೊಳಗಿನ ಗಾಳಿಚೀಲ. ಬಸುರಿಯರು ಸದ್ದಿನಿಂದ ಮಾಡುವ ಸ್ಕ್ಯಾನಿಂಗ್‌ಗೆ ಹೋದಾಗ ತಣ್ಣನೆಯ ಜೆಲ್ ಹಚ್ಚುವುದೂ ಇದಕ್ಕೇ. ಯಂತ್ರಕ್ಕೂ ಚರ್ಮಕ್ಕೂ ನಡುವೆ ತೆಳುವಾದ ಗಾಳಿ ಪದರ ಇದ್ದರೂ ಸದ್ದು ಅಲ್ಲೇ ತಿರುಗಿಬಿಡುತ್ತದೆ, ಒಳಗಿನ ಮಗು ಕಾಣಿಸುವುದಿಲ್ಲ.

ಇನ್ನು ಮನುಷ್ಯರ ವಿಷಯ. ಹೌದು, ಆಗುತ್ತದೆ. ಅಮೆರಿಕದ ಡೇನಿಯಲ್ ಕಿಶ್ ಎರಡು ವರ್ಷ ತುಂಬುವ ಮೊದಲೇ ಎರಡೂ ಕಣ್ಣು ಕಳೆದುಕೊಂಡವರು. ನಾಲಿಗೆಯಿಂದ ಟಕ್ ಅನ್ನಿಸುತ್ತಾ ಗೋಡೆ, ಮರ, ನಿಂತ ಕಾರು ಎಲ್ಲಿವೆ ಅಂತ ಗುರುತಿಸುತ್ತಾರೆ, ಸೈಕಲ್ ಕೂಡ ಓಡಿಸುತ್ತಾರೆ. ಇದನ್ನು ಬೇರೆ ಅಂಧರಿಗೂ ಕಲಿಸುತ್ತಾರೆ. ಹೀಗೆ ಪ್ರತಿಧ್ವನಿ ಬಳಸುವ ಇಬ್ಬರು ಅಂಧರ ಮಿದುಳನ್ನು ಕೆನಡಾದ ವಿಜ್ಞಾನಿಗಳು ಪರೀಕ್ಷಿಸಿ 2011ರಲ್ಲಿ ವರದಿ ಮಾಡಿದರು. ತಿರುಗಿ ಬಂದ ಸದ್ದು ಕೇಳುವಾಗ, ನಮ್ಮಲ್ಲಿ ನೋಟಕ್ಕೆ ಮೀಸಲಾದ ಭಾಗವೇ ಅವರಲ್ಲಿ ಕೆಲಸ ಮಾಡುತ್ತಿತ್ತು.

ನೀವೂ ಇದರ ರುಚಿ ನೋಡಬಹುದು. ಸದ್ದಿಲ್ಲದ ಕೋಣೆಯಲ್ಲಿ ಕಣ್ಣು ಮುಚ್ಚಿ "ಶ್‌ಶ್" ಅನ್ನುತ್ತಲೇ ಇರಿ. ಮನೆಯವರು ಯಾರಾದರೂ ಒಂದು ದೊಡ್ಡ ತಟ್ಟೆಯನ್ನು ನಿಮ್ಮ ಮುಖದ ಹತ್ತಿರ ತಂದು, ಮತ್ತೆ ದೂರ ಸರಿಸಲಿ. ತಟ್ಟೆ ಹತ್ತಿರ ಬಂದಾಗ ನಿಮ್ಮ "ಶ್‌ಶ್" ಬದಲಾಗುವುದು ಸ್ವಲ್ಪ ಅಭ್ಯಾಸವಾದರೆ ಕೇಳಿಸುತ್ತದೆ.